ಲಿನಕ್ಸ್‌ನಲ್ಲಿ ವೈಫೈ ಕೈಕೊಟ್ಟಾಗ

ತಿಪಟೂರಿನಲ್ಲಿ ನಮ್ಮ ಭಾವನ ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆಸುವವರು, ಪರೀಕ್ಷೆಗೆ ಅರ್ಜಿ ಹಾಕುವವರು, ಕರೆಂಟ್ ಬಿಲ್ ಕಟ್ಟುವವರು ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಾಗಿಲಲ್ಲಿ ನಿಂತಿರುತ್ತಾರೆ. ಅಷ್ಟೂ ಕೆಲಸ ನಡೆಯುವುದು ಹತ್ತು ವರ್ಷ ಹಳೆಯ ಒಂದೇ ಡೆಸ್ಕ್‌ಟಾಪಿನಲ್ಲಿ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಆ ಯಂತ್ರಕ್ಕೆ ವಿಂಡೋಸ್ 11 ಹಿಡಿಸುವುದಿಲ್ಲ. ದೀಪಾವಳಿಗೆ ಹೋದಾಗ ನಾನೇ ಕೂತು ಲಿನಕ್ಸ್ ಮಿಂಟ್ ಹಾಕಿಕೊಟ್ಟೆ. ಪ್ರಿಂಟರ್ ಬಂತು, ಸ್ಕ್ಯಾನರ್ ಬಂತು, ಕನ್ನಡ ಟೈಪಿಂಗ್ ಬಂತು. ವೈಫೈ ಬರಲಿಲ್ಲ. ಪರದೆಯ ಮೂಲೆಯಲ್ಲಿ ಅದರ ಗುರುತೇ ಇರಲಿಲ್ಲ. ರಾತ್ರಿ ಹತ್ತಾಗಿತ್ತು. ‘ಹಳೇದೇ ಹಾಕ್ಬಿಡಪ್ಪ, ಬೆಳಿಗ್ಗೆ ಜನ ಬರ್ತಾರೆ’ ಅಂದರು ಭಾವ.

ವೈಫೈ ಒಂದು ಬರಲಿಲ್ಲ ಎನ್ನುವ ಕಾರಣಕ್ಕೆ ಲಿನಕ್ಸನ್ನೇ ಬಿಟ್ಟು ಹೋದ ಬಹಳ ಜನರನ್ನು ಕಂಡಿದ್ದೇನೆ, ಪ್ರತಿ ಸಲವೂ ಸಂಕಟವಾಗಿದೆ. ಅವರು ಪ್ರಯತ್ನಪಡಲಿಲ್ಲ ಎಂದಲ್ಲ. ಎಲ್ಲೋ ಸಿಕ್ಕ ಕಮಾಂಡನ್ನು ಅಂಟಿಸಿ, ಆಗದಿದ್ದರೆ ಇನ್ನೊಂದನ್ನು ಅಂಟಿಸಿ, ಮೊದಲಿಗೆ ಸರಿಯಿದ್ದ ಜಾಗವನ್ನೂ ಕೆಡಿಸಿಕೊಂಡಿರುತ್ತಾರೆ. ಆ ರಾತ್ರಿ ಮೊದಲ ಒಂದು ಗಂಟೆ ನಾನು ಮಾಡಿದ್ದೂ ಅದನ್ನೇ. ಕೊನೆಯ ಗದ್ದೆಗೆ ನೀರು ಬರದಿದ್ದರೆ ಗದ್ದೆ ಅಗೆಯುತ್ತಾ ಕೂರುವುದಿಲ್ಲ. ಕೆರೆಯ ತೂಬಿನಿಂದ ಶುರುಮಾಡಿ ಕಾಲುವೆಗುಂಟ ನಡೆದು ಬರುತ್ತೇವೆ, ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತೇವೆ. ವೈಫೈಯದೂ ಹಾಗೆಯೇ. ಕಾರ್ಡು ಕಂಪ್ಯೂಟರಿಗೆ ಕಾಣಬೇಕು, ಅದಕ್ಕೆ ಡ್ರೈವರ್ ಸಿಗಬೇಕು, ಕಾರ್ಡಿನೊಳಕ್ಕೆ ಫರ್ಮ್‌ವೇರ್ ಹೋಗಬೇಕು, ರೇಡಿಯೋ ಆನ್ ಇರಬೇಕು, ರೂಟರ್ ಪಾಸ್‌ವರ್ಡ್ ಒಪ್ಪಬೇಕು, ಐಪಿ ವಿಳಾಸ ಸಿಗಬೇಕು, ಕೊನೆಗೆ ಹೆಸರುಗಳನ್ನು ವಿಳಾಸಗಳಾಗಿ ತಿಳಿಸುವ ಡಿಎನ್‌ಎಸ್ ಕೆಲಸ ಮಾಡಬೇಕು. ಇವುಗಳಲ್ಲಿ ಯಾವುದು ನಿಂತರೂ ನಮಗೆ ಕಾಣುವುದು ‘ನೆಟ್ ಇಲ್ಲ’ ಎಂಬ ಒಂದೇ ಮಾತು.

ಪರೀಕ್ಷೆ ಶುರುಮಾಡುವ ಮುಂಚೆ ಒಂದು ತಾತ್ಕಾಲಿಕ ದಾರಿ ಮಾಡಿಕೊಳ್ಳಿ. ನೆಟ್ ಸರಿಪಡಿಸುವುದಕ್ಕೂ ನೆಟ್ ಬೇಕಾಗುತ್ತದೆ. ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲ್ಲಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಫೋನಿನ ಹಾಟ್‌ಸ್ಪಾಟ್ ಸೆಟಿಂಗ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದು ತಿಳಿದು ತಾನಾಗಿಯೇ ಜೋಡಿಸಿಕೊಳ್ಳುತ್ತದೆ, ಬೇರೆ ಡ್ರೈವರ್ ಬೇಡ. ಬಹುತೇಕ ಫೋನುಗಳಲ್ಲಿ ಡೇಟಾ ಖರ್ಚೂ ಆಗಬೇಕಿಲ್ಲ: ಫೋನ್ ಮನೆಯ ವೈಫೈಗೆ ಸೇರಿಕೊಂಡಿದ್ದರೆ ಅದನ್ನೇ ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ಹಂಚುತ್ತದೆ. ಚಾರ್ಜ್ ಮಾತ್ರ ಆಗುವ ಕೇಬಲ್ ಆದರೆ ಈ ಆಯ್ಕೆ ಮಸುಕಾಗಿರುತ್ತದೆ. ಕೇಬಲ್ ಬದಲಿಸಿ ನೋಡಿ.

ಇನ್ನೊಂದು ಮಾತು. ಇಲ್ಲಿ ಕಮಾಂಡುಗಳನ್ನು ಕನ್ನಡದಲ್ಲಿ ಉಚ್ಚರಿಸುವಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೊದಲ ಪ್ರಶ್ನೆ: ಕಾರ್ಡು ಕಂಪ್ಯೂಟರಿಗೆ ಕಾಣುತ್ತಿದೆಯೇ? ಲ್ಯಾಪ್‌ಟಾಪ್ ಆಗಲಿ ಡೆಸ್ಕ್‌ಟಾಪ್ ಆಗಲಿ, ಒಳಗೇ ಕೂರಿಸಿದ ಕಾರ್ಡಾದರೆ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಎಂಬ ಕಮಾಂಡ್, ಹೊರಗೆ ಸಿಕ್ಕಿಸುವ ಡಾಂಗಲ್ ಆದರೆ ‘ಎಲ್‌ಎಸ್‌ಯುಎಸ್‌ಬಿ’. ಎಲ್‌ಎಸ್‌ಪಿಸಿಐ ಕೊಡುವ ಉದ್ದ ಪಟ್ಟಿಯಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂದಿರುವ ಸಾಲು ಹುಡುಕಿ. ಅದರ ಕೊನೆಯಲ್ಲಿ ನಡುವೆ ಎರಡು ಚುಕ್ಕಿಯ ಗುರುತಿರುವ ನಾಲ್ಕು ಮತ್ತು ನಾಲ್ಕು ಅಕ್ಷರಗಳ ಜೋಡಿ ಇರುತ್ತದೆ. ಮೊದಲ ಅರ್ಧ ಕಂಪನಿಯ ಗುರುತು: 8086 ಎಂದರೆ ಇಂಟೆಲ್, 10ಇಸಿ ಎಂದರೆ ರಿಯಲ್‌ಟೆಕ್, 14ಇ4 ಎಂದರೆ ಬ್ರಾಡ್‌ಕಾಮ್, 168ಸಿ ಎಂದರೆ ಏಥೆರಾಸ್. ಎರಡನೆಯ ಅರ್ಧ ಚಿಪ್ಪಿನದು. ಪೆಟ್ಟಿಗೆಯ ಮೇಲೆ ಅಚ್ಚಾದ ಹೆಸರಿಗಿಂತ ಈ ಜೋಡಿಯನ್ನೇ ನಂಬಿ. ಅದೇ ಹೆಸರಿನ, ಅದೇ ಬಣ್ಣದ ಡಾಂಗಲ್ಲಿನೊಳಗೆ ಈ ವರ್ಷ ಒಂದು ಚಿಪ್, ಮುಂದಿನ ವರ್ಷ ಇನ್ನೊಂದು ಚಿಪ್ ಇರುವುದುಂಟು. ಸಹಾಯ ಹುಡುಕುವಾಗಲೂ ಈ ಜೋಡಿಯನ್ನೇ ಹಾಕಿ ಹುಡುಕಿ.

ಭಾವನ ಅಂಗಡಿಯಲ್ಲಿ ಗಂಟು ಇದ್ದದ್ದು ಇಲ್ಲೇ. ಉಗುರಿನಷ್ಟು ಅಗಲದ ಡಾಂಗಲ್ ಪಟ್ಟಿಯಲ್ಲೇನೋ ಇತ್ತು, ಆದರೆ ವೈಫೈ ಸಾಧನವಾಗಿ ಅಲ್ಲ, ಸಿಡಿ ಡ್ರೈವ್ ಆಗಿ. ಕೆಲವು ಡಾಂಗಲ್‌ಗಳನ್ನು ಹೀಗೆಯೇ ಮಾಡಿರುತ್ತಾರೆ. ಅದರ ಹೊಟ್ಟೆಯಲ್ಲಿ ವಿಂಡೋಸಿಗೆ ಬೇಕಾದ ಡ್ರೈವರ್ ತುಂಬಿದ ಪುಟ್ಟ ಜಾಗ ಇರುತ್ತದೆ. ಸಿಕ್ಕಿಸಿದ ಕೂಡಲೇ ಅದು ‘ನಾನೊಂದು ಸಿಡಿ’ ಎಂದು ಹೇಳಿಕೊಳ್ಳುತ್ತದೆ. ವಿಂಡೋಸ್ ಆ ಸಿಡಿಯಿಂದ ಡ್ರೈವರ್ ಹಾಕಿಕೊಂಡ ಮೇಲೆ ತನ್ನ ನಿಜರೂಪಕ್ಕೆ, ಅಂದರೆ ವೈಫೈ ಕಾರ್ಡಿಗೆ, ತಿರುಗುತ್ತದೆ. ಲಿನಕ್ಸ್‌ನಲ್ಲಿ ಆ ತಿರುವು ಕೊಡುವವರು ಬೇಕು. ಫೈಲ್ ಮ್ಯಾನೇಜರಿನ ಎಡಬದಿಯಲ್ಲಿ ಆ ಸಿಡಿಯ ಚಿತ್ರ ಒಂದು ಗಂಟೆಯಿಂದ ನನ್ನ ಕಣ್ಣೆದುರೇ ಇತ್ತು. ಅದರ ಮೇಲೆ ಬಲ ಕ್ಲಿಕ್ ಮಾಡಿ ‘ಇಜೆಕ್ಟ್’ ಒತ್ತಿದೆ. ಎರಡು ಸೆಕೆಂಡ್ ಏನೂ ಆಗಲಿಲ್ಲ. ಆಮೇಲೆ ಡಾಂಗಲ್ಲಿನ ನೀಲಿ ದೀಪ ಮಿನುಗಿತು, ಮೂಲೆಯಲ್ಲಿ ವೈಫೈ ಗುರುತು ಬಂತು. ಎಲ್‌ಎಸ್‌ಯುಎಸ್‌ಬಿ ಮತ್ತೆ ಕೊಟ್ಟಾಗ ಅದೇ ಡಾಂಗಲ್ಲಿಗೆ ಬೇರೆ ಗುರುತಿನ ಸಂಖ್ಯೆ ಬಂದಿತ್ತು. ಪ್ರತಿ ಸಲ ಹೀಗೆ ಕೈಯಿಂದ ಮಾಡಬೇಕಿಲ್ಲ, ಈ ಕೆಲಸಕ್ಕೆಂದೇ ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಪ್ಯಾಕೇಜ್ ಇದೆ.

ಕಾರ್ಡು ಕಾಣುತ್ತಿದ್ದರೆ ಅದಕ್ಕೆ ಡ್ರೈವರ್ ಸಿಕ್ಕಿದೆಯೇ ಎಂಬುದು ಮುಂದಿನದು. ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಕಾರ್ಡಿನ ಕೆಳಗೇ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲಿರಬೇಕು. ಇಂಟೆಲ್ ಕಾರ್ಡಾದರೆ ಅಲ್ಲಿ ‘ಐಡಬ್ಲ್ಯೂಎಲ್‌ವೈಫೈ’ ಎಂದಿರುತ್ತದೆ. ಆ ಸಾಲೇ ಇಲ್ಲವೆಂದರೆ ಕಾರ್ಡು ಅನಾಥವಾಗಿ ಕೂತಿದೆ. ಲಿನಕ್ಸ್‌ನಲ್ಲಿ ಡ್ರೈವರ್‌ಗಳು ಬಹುಪಾಲು ಅದರ ತಿರುಳಾದ ಕರ್ನಲ್ ಜೊತೆಯಲ್ಲೇ ಬರುತ್ತವೆ. ಆದ್ದರಿಂದ ಹೊಸ ಕಾರ್ಡಿಗೆ ಹಳೆಯ ಕರ್ನಲ್ ಸಾಲದೆ ಹೋಗಬಹುದು; ಹೊಸ ಕರ್ನಲ್ ಹಾಕಿದರೆ ಬೇರೇನೂ ಮಾಡದೆ ವೈಫೈ ಬರುವುದುಂಟು. ಮಿಂಟ್‌ನ ಅಪ್‌ಡೇಟ್ ಮ್ಯಾನೇಜರಿನಲ್ಲಿ ಇದಕ್ಕೆ ಪ್ರತ್ಯೇಕ ಕಿಟಕಿಯೇ ಇದೆ.

ಡ್ರೈವರ್ ಇದ್ದೂ ವೈಫೈ ಏಳದಿದ್ದರೆ ಫರ್ಮ್‌ವೇರ್ ಮೇಲೆ ಅನುಮಾನಪಡಿ. ಇವತ್ತಿನ ವೈಫೈ ಚಿಪ್ ತಾನೇ ಒಂದು ಪುಟ್ಟ ಕಂಪ್ಯೂಟರ್. ಅದನ್ನು ನಡೆಸುವ ಪ್ರೋಗ್ರಾಂ ಬಹುತೇಕ ಕಾರ್ಡುಗಳಲ್ಲಿ ಚಿಪ್ಪಿನೊಳಗೆ ಶಾಶ್ವತವಾಗಿ ಇರುವುದಿಲ್ಲ. ಕಂಪ್ಯೂಟರ್ ಆನ್ ಆದಾಗಲೆಲ್ಲ ಡ್ರೈವರ್ ಅದನ್ನು ಹಾರ್ಡ್‌ಡಿಸ್ಕಿನಿಂದ ಎತ್ತಿ ಚಿಪ್ಪಿಗೆ ಉಣಿಸಬೇಕು. ಡ್ರೈವರನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಫರ್ಮ್‌ವೇರ್ ಹಾಗಲ್ಲ, ಅದರ ಮೂಲವನ್ನು ಚಿಪ್ ಕಂಪನಿ ಬಿಟ್ಟುಕೊಡುವುದಿಲ್ಲ, ಹಂಚಲು ಅನುಮತಿ ಮಾತ್ರ ಕೊಡುತ್ತದೆ. ಪೂರ್ತಿ ಮುಕ್ತವಾದದ್ದನ್ನು ಮಾತ್ರ ಕೊಡುತ್ತೇವೆ ಎಂದು ಹಟ ಹಿಡಿದಿದ್ದ ಡೆಬಿಯನ್ ಎಂಬ ಲಿನಕ್ಸ್ ಬಳಗ ಈ ಕಾರಣಕ್ಕೇ ಬಹಳ ವರ್ಷ ತನ್ನ ಅಧಿಕೃತ ಇನ್‌ಸ್ಟಾಲರಿನಿಂದ ಇಂಥ ಫರ್ಮ್‌ವೇರುಗಳನ್ನು ದೂರ ಇಟ್ಟಿತ್ತು. ಹೊಸಬರು ಡೆಬಿಯನ್ ಹಾಕಲು ಕೂತು ನೆಟ್‌ವರ್ಕ್ ಹಂತದಲ್ಲೇ ಸಿಕ್ಕಿಕೊಳ್ಳುತ್ತಿದ್ದರು. 2022ರಲ್ಲಿ ಅದರ ಸದಸ್ಯರು ಮತ ಹಾಕಿ ನಿಲುವು ಬದಲಿಸಿದರು; 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರಿನಲ್ಲೇ ಫರ್ಮ್‌ವೇರ್ ಇದೆ. ತತ್ವವನ್ನು ಇಷ್ಟು ಸಡಿಲಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಮುಕ್ತ ತಂತ್ರಾಂಶದ ಬಾಗಿಲಿಗೆ ಬಂದವರನ್ನು ಹೊಸ್ತಿಲಲ್ಲೇ ತಿರುಗಿಸಿ ಕಳಿಸಿದರೆ ಅವರು ಒಳಗೆ ಏನಿದೆ ಎಂದು ನೋಡುವುದು ಯಾವಾಗ?

ಫರ್ಮ್‌ವೇರ್ ಕೊರತೆಯನ್ನು ಕರ್ನಲ್ ತಾನೇ ಹೇಳುತ್ತದೆ. ‘ಸುಡೋ ಡಿಎಂಇಎಸ್‌ಜಿ’ ಎಂದು ಕೊಟ್ಟು, ಬಂದದ್ದರಲ್ಲಿ ‘ಫರ್ಮ್‌ವೇರ್’ ಎಂಬ ಇಂಗ್ಲಿಷ್ ಪದ ಹುಡುಕಿ. ‘ಫೇಲ್ಡ್ ಟು ಲೋಡ್’ ಎಂಬ ಮಾತೂ ಪಕ್ಕದಲ್ಲಿ ಒಂದು ಫೈಲಿನ ಹೆಸರೂ ಇದ್ದರೆ ಬೇಕಾದ್ದು ಆ ಫೈಲೇ. ಆದರೆ ಒಂದು ಎಚ್ಚರ: ಇಂಟೆಲ್ ಡ್ರೈವರ್ ಹೊಸ ಆವೃತ್ತಿಯ ಫೈಲಿನಿಂದ ಶುರುಮಾಡಿ ಸಿಗದಿದ್ದರೆ ಹಳೆಯದಕ್ಕೆ ಇಳಿಯುತ್ತಾ ಹೋಗುತ್ತದೆ. ನಾಲ್ಕೈದು ಸಾಲು ‘ಸಿಗಲಿಲ್ಲ’ ಎಂದು ಬಂದು, ಕೊನೆಗೆ ‘ಲೋಡೆಡ್’ ಎಂದಿದ್ದರೆ ಗಾಬರಿ ಬೇಡ. ಉಬುಂಟು, ಮಿಂಟ್‌ಗಳಲ್ಲಿ ‘ಲಿನಕ್ಸ್-ಫರ್ಮ್‌ವೇರ್’ ಎಂಬ ಪ್ಯಾಕೇಜಿನಲ್ಲಿ ಬಹುಪಾಲು ಕಾರ್ಡುಗಳದ್ದು ಒಟ್ಟಿಗೇ ಇರುತ್ತವೆ. ಡೆಬಿಯನ್‌ನಲ್ಲಿ ಕಂಪನಿಗೊಂದರಂತೆ ಬೇರೆ ಬೇರೆ. ಹಾಕಿದ ಮೇಲೆ ರೀಸ್ಟಾರ್ಟ್ ಮಾಡಿದರೆ ಸಾಕು.

ಬ್ರಾಡ್‌ಕಾಮ್‌ನ ಹಳೆಯ ಕಾರ್ಡುಗಳ ದಾರಿ ಸ್ವಲ್ಪ ಸುತ್ತು. ಆ ಚಿಪ್ಪುಗಳಿಗೆ ಮೊದಲು ಸ್ವಯಂಸೇವಕರು ಹೊರಗಿನಿಂದಲೇ ಅಭ್ಯಾಸ ಮಾಡಿ, ‘ಬಿ43’ ಎಂಬ ಡ್ರೈವರ್ ಬರೆದರು. ಕಂಪನಿಯೇ ಮುಕ್ತ ಡ್ರೈವರ್ ಬಿಡುಗಡೆ ಮಾಡಿದ್ದು 2010ರಲ್ಲಿ, ಅದೂ ಹೊಸ ಚಿಪ್ಪುಗಳಿಗೆ ಮಾತ್ರ. ಹೀಗಾಗಿ ಒಂದೇ ಕಾರ್ಡಿಗೆ ಎರಡು ಮೂರು ಡ್ರೈವರುಗಳು ಪೈಪೋಟಿ ನಡೆಸುವುದುಂಟು. ಇಲ್ಲಿ ಕೈಯಾಡಿಸಲು ಹೋಗದೆ ಮಿಂಟ್‌ನ ‘ಡ್ರೈವರ್ ಮ್ಯಾನೇಜರ್’ ಅಥವಾ ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’ ತೆರೆದು ಅದು ಸೂಚಿಸುವುದನ್ನು ಹಾಕಿಕೊಳ್ಳುವುದು ಕ್ಷೇಮ.

ನಿನ್ನೆಯವರೆಗೆ ಸರಿಯಿದ್ದ ವೈಫೈ ಅಪ್‌ಡೇಟ್ ಆದ ಬೆಳಿಗ್ಗೆ ಮಾಯವಾಗಿದೆಯೇ? ಬಹುಮಟ್ಟಿಗೆ ನಿಮ್ಮ ಡ್ರೈವರ್ ಕರ್ನಲ್ಲಿನ ಹೊರಗಿನದು. ಅಂಥದ್ದನ್ನು ಪ್ರತಿ ಹೊಸ ಕರ್ನಲ್ಲಿಗೂ ಹೊಸದಾಗಿ ಕಟ್ಟಬೇಕು. ಆ ಕೆಲಸವನ್ನು ತಾನಾಗಿ ಮಾಡಲು ‘ಡಿಕೆಎಂಎಸ್’ ಇದೆ, ಕರ್ನಲ್ಲಿನ ಹೆಡರ್ ಫೈಲುಗಳ ಪ್ಯಾಕೇಜ್ ಇಲ್ಲದಿದ್ದರೆ ಅದೂ ಕೈಚೆಲ್ಲುತ್ತದೆ. ಕಂಪ್ಯೂಟರ್ ಆನ್ ಆಗುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ ಯಾವುದರಿಂದ ಶುರುವಾಗಬೇಕೆಂದು ಕೇಳುವ ಗ್ರಬ್ ಮೆನು ತನ್ನಿ, ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ ಆರಿಸಿ. ವೈಫೈ ಬಂದರೆ ರೋಗ ಖಚಿತವಾಯಿತು, ಮದ್ದು ತರಿಸಲು ನೆಟ್ಟೂ ಸಿಕ್ಕಿತು. ಸೆಕ್ಯೂರ್ ಬೂಟ್ ಆನ್ ಇರುವ ಯಂತ್ರಗಳಲ್ಲಿ ಇನ್ನೊಂದು ತೊಡಕು. ಸಹಿಯಿಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ, ‘ಕೀ ವಾಸ್ ರಿಜೆಕ್ಟೆಡ್’ ಎನ್ನುತ್ತದೆ. ಇದಕ್ಕಾಗಿಯೇ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ಸಲ ಆನ್ ಆಗುವಾಗ ನೀಲಿ ಪರದೆ ತೋರಿಸುತ್ತದೆ. ಅದು ಕೆಲವೇ ಸೆಕೆಂಡ್ ಕಾದು ಹೋಗಿಬಿಡುತ್ತದೆ. ಅಷ್ಟರೊಳಗೆ ಒಂದು ಕೀ ಒತ್ತಿ ‘ಎನ್‌ರೋಲ್ ಎಂಒಕೆ’ ಆರಿಸಿ ಆ ಪಾಸ್‌ವರ್ಡ್ ಕೊಡಬೇಕು. ನೀಲಿ ಪರದೆ ಕಂಡೊಡನೆ ಏನೋ ಕೆಟ್ಟಿತೆಂದು ಹೆದರಿ ದಾಟಿಬಿಡುವವರೇ ಹೆಚ್ಚು.

ರೇಡಿಯೋ ಆಫ್ ಆಗಿದೆಯೇ ಎಂದು ನೋಡಲು ‘ಆರ್‌ಎಫ್‌ಕಿಲ್ ಲಿಸ್ಟ್’. ಸಾಫ್ಟ್ ಬ್ಲಾಕ್ ‘ಯೆಸ್’ ಎಂದಿದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಸಾಕು. ಹಾರ್ಡ್ ಬ್ಲಾಕ್ ಆದರೆ ಯಾವ ಕಮಾಂಡೂ ನಡೆಯುವುದಿಲ್ಲ. ಲ್ಯಾಪ್‌ಟಾಪಿನ ಬದಿಯ ಸ್ವಿಚ್ ಅಥವಾ ವಿಮಾನದ ಚಿತ್ರದ ಕೀ ಹುಡುಕಿ. ವಿಂಡೋಸನ್ನೂ ಇಟ್ಟುಕೊಂಡವರು ಅದರ ‘ಫಾಸ್ಟ್ ಸ್ಟಾರ್ಟಪ್’ ತೆಗೆದುಹಾಕಿ. ಅದು ಯಂತ್ರವನ್ನು ಪೂರ್ತಿ ಆರಿಸದೆ ಅರೆನಿದ್ದೆಯಲ್ಲಿ ಬಿಡುತ್ತದೆ, ಕಾರ್ಡು ಕೆಲವೊಮ್ಮೆ ಲಿನಕ್ಸ್‌ನಲ್ಲಿ ಎಚ್ಚರವಾಗುವುದಿಲ್ಲ.

ಇಷ್ಟು ದಾಟಿದರೆ ನೆಟ್‌ವರ್ಕುಗಳ ಹೆಸರು ಕಾಣತೊಡಗುತ್ತವೆ. ನಿಮ್ಮ ಮನೆಯದು ಮಾತ್ರ ಕಾಣದಿದ್ದರೆ ರೂಟರ್ ಯಾವ ತರಂಗದಲ್ಲಿದೆ ನೋಡಿ. ಅಗ್ಗದ ಡಾಂಗಲ್‌ಗಳು ಬಹಳಷ್ಟು 2.4 ಗಿಗಾಹರ್ಟ್ಸ್‌ಗೆ ಮಾತ್ರ. ಹೆಸರಿನ ಕೊನೆಯಲ್ಲಿ ‘5ಜಿ’ ಎಂದಿರುವ 5 ಗಿಗಾಹರ್ಟ್ಸ್ ನೆಟ್‌ವರ್ಕ್ ಅವಕ್ಕೆ ಎಂದಿಗೂ ಕಾಣದು, ಅದು ದೋಷವೂ ಅಲ್ಲ. ಇನ್ನು ‘ಐಡಬ್ಲ್ಯೂ ರೆಗ್ ಗೆಟ್’ ಕೊಟ್ಟಾಗ ದೇಶದ ಜಾಗದಲ್ಲಿ 00 ಎಂದಿದ್ದರೆ ಕಾರ್ಡಿಗೆ ತಾನು ಯಾವ ದೇಶದಲ್ಲಿದ್ದೇನೆಂದು ತಿಳಿದಿಲ್ಲ. ಆಗ ಅದು ಎಲ್ಲ ದೇಶಗಳಿಗೂ ಒಪ್ಪುವ ಬಿಗಿ ನಿಯಮ ಹಿಡಿದು 12, 13ನೇ ಚಾನೆಲ್‌ಗಳಲ್ಲೂ 5 ಗಿಗಾಹರ್ಟ್ಸ್‌ನಲ್ಲೂ ತಾನಾಗಿ ಕೂಗು ಹಾಕುವುದಿಲ್ಲ. ‘ಸುಡೋ ಐಡಬ್ಲ್ಯೂ ರೆಗ್ ಸೆಟ್ ಐಎನ್’ ಎಂದರೆ ಭಾರತದ ನಿಯಮ ಬರುತ್ತದೆ. ಇಲ್ಲಿ ದೇಶದ ಎರಡಕ್ಷರವನ್ನು ಮಾತ್ರ ದೊಡ್ಡಕ್ಷರದಲ್ಲಿ ಬರೆಯಿರಿ. ಇದು ಗೊಡವೆಯೆನಿಸಿದರೆ ರೂಟರಿನಲ್ಲಿ ಚಾನೆಲ್ಲನ್ನು 1, 6 ಅಥವಾ 11ಕ್ಕೆ ನಿಲ್ಲಿಸಿ. 2.4ರಲ್ಲಿ ಈ ಮೂರು ಚಾನೆಲ್‌ಗಳು ಒಂದರ ಮೇಲೊಂದು ಏರುವುದಿಲ್ಲ.

ಹೆಸರು ಕಂಡು ಸೇರಲು ಆಗದಿದ್ದರೆ, ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುತ್ತಿದ್ದರೆ, ಕನ್ನಡಿಗರು ಮೊದಲು ನೋಡಬೇಕಾದದ್ದು ಕೀಲಿಮಣೆಯನ್ನು. ಕನ್ನಡ ಲೇಔಟ್ ಆನ್ ಇರುವಾಗ ಪಾಸ್‌ವರ್ಡ್ ಟೈಪ್ ಮಾಡಿದರೆ ಕಾಣುವುದು ಚುಕ್ಕಿಗಳೇ, ಒಳಗೆ ಕೂತಿರುವುದು ಕನ್ನಡ ಅಕ್ಷರ. ಪಕ್ಕದ ಕಣ್ಣಿನ ಗುರುತು ಒತ್ತಿ ಒಮ್ಮೆ ಓದಿ ನೋಡಿ. ರೂಟರಿನ ಪಾಸ್‌ವರ್ಡ್ ಯಾರಾದರೂ ಬದಲಿಸಿದ್ದರೆ ಹಳೆಯ ಸಂಪರ್ಕವನ್ನು ‘ಫರ್ಗೆಟ್’ ಮಾಡಿ ಹೊಸದಾಗಿ ಸೇರಿ. ಆದರೂ ಆಗದಿದ್ದರೆ ಒಂದು ಕಿಟಕಿಯಲ್ಲಿ ‘ಜರ್ನಲ್‌ಸಿಟಿಎಲ್ -ಎಫ್’ ಓಡಲು ಬಿಟ್ಟು ಇನ್ನೊಂದರಲ್ಲಿ ಸೇರಲು ಯತ್ನಿಸಿ. ‘ರಾಂಗ್ ಕೀ’ ಎಂದು ಬಂದರೆ ಪಾಸ್‌ವರ್ಡ್ ತಪ್ಪಿರುವ ಸಂಭವವೇ ಹೆಚ್ಚು. ಪಾಸ್‌ವರ್ಡ್ ನೂರಕ್ಕೆ ನೂರು ಸರಿಯಿದೆಯೆಂದರೆ ರೂಟರ್ ‘ಡಬ್ಲ್ಯೂಪಿಎ3’ ಭದ್ರತೆಯಲ್ಲಿದೆಯೇ ನೋಡಿ. ಹಳೆಯ ಕಾರ್ಡುಗಳಿಗೆ ಅದು ತಿಳಿಯದು, ಕೆಲವು ಎರಡೂ ಬೆರೆತ ಮೋಡ್‌ನಲ್ಲೂ ತಡವರಿಸುತ್ತವೆ. ಡಬ್ಲ್ಯೂಪಿಎ2 ಮಾತ್ರ ಇಟ್ಟರೆ ಸೇರಿಕೊಳ್ಳುತ್ತವೆ. ಇನ್ನು ಕೆಲವು ಡಾಂಗಲ್‌ಗಳು ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಹುಡುಕಾಟದ ಹೊತ್ತಿನಲ್ಲಿ ಗುರುತು ಮರೆಸಲು ಕಾರ್ಡಿನ ಮ್ಯಾಕ್ ವಿಳಾಸ ಬದಲಿಸುವುದನ್ನು ತಾಳಲಾರವು. ಆ ಅಭ್ಯಾಸವನ್ನು ಅದರ ಕಾನ್ಫಿಗ್ ಫೈಲಿನಲ್ಲಿ ನಿಲ್ಲಿಸಬಹುದು.

ಸೇರಿದೆ, ಆದರೆ ಪುಟ ತೆರೆಯುವುದಿಲ್ಲ ಎಂದರೆ ಉತ್ತರ ಬರುತ್ತದೆಯೇ ಎಂದು ‘ಪಿಂಗ್’ ಕಮಾಂಡಿನಿಂದ ಮೂರು ಸಲ ಕೇಳಿ: ಮೊದಲು ರೂಟರಿಗೆ, ಸಾಮಾನ್ಯವಾಗಿ ಅದು 192.168.1.1, ಆಮೇಲೆ ಹೊರಗಿನ 8.8.8.8ಕ್ಕೆ, ಕೊನೆಗೆ ಯಾವುದಾದರೂ ತಾಣದ ಹೆಸರಿಗೆ. ರೂಟರೇ ಉತ್ತರಿಸದಿದ್ದರೆ ‘ಐಪಿ ಎ’ ಕೊಟ್ಟು ವಿಳಾಸ ನೋಡಿ. ವಿಳಾಸವೇ ಇಲ್ಲದಿದ್ದರೆ ಅಥವಾ 169.254ರಿಂದ ಶುರುವಾಗಿದ್ದರೆ ರೂಟರ್ ವಿಳಾಸ ಹಂಚಿಲ್ಲ, ರೂಟರ್ ರೀಸ್ಟಾರ್ಟ್ ಮಾಡಿ. ರೂಟರ್ ಉತ್ತರಿಸಿ 8.8.8.8 ಉತ್ತರಿಸದಿದ್ದರೆ ಲಿನಕ್ಸ್ ಮೇಲೆ ತಪ್ಪು ಹೊರಿಸಬೇಡಿ, ಹೊರಗಿನ ಲೈನೇ ಬಿದ್ದಿರಬಹುದು. ಎರಡೂ ಉತ್ತರಿಸಿ ಹೆಸರು ಮಾತ್ರ ಸಿಗದಿದ್ದರೆ ಡಿಎನ್‌ಎಸ್ ಕೆಟ್ಟಿದೆ, ಸಂಪರ್ಕದ ಐಪಿವಿ4 ಪುಟದಲ್ಲಿ ಬೇರೆ ಡಿಎನ್‌ಎಸ್ ತುಂಬಿ. ಆದರೆ ಹಾಗೆ ಕೈಯಿಂದ ತುಂಬಿದ್ದು ಮುಂದೊಮ್ಮೆ ರೈಲು ನಿಲ್ದಾಣದ ವೈಫೈಯಲ್ಲಿ ಲಾಗಿನ್ ಪುಟ ಬರದಂತೆ ತಡೆಯಬಹುದು, ನೆನಪಿರಲಿ.

ಹಳೆಯ ಡೆಸ್ಕ್‌ಟಾಪ್ ಇರುವವರು ಗಡಿಯಾರವನ್ನೂ ನೋಡಿ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತರೆ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಪಿಂಗ್ ಎಲ್ಲ ಸರಿಯಿದ್ದೂ ಬ್ರೌಸರ್ ‘ಸುರಕ್ಷಿತವಲ್ಲ’ ಎಂದು ಪುಟಗಳನ್ನು ತಡೆಯುತ್ತದೆ. ತಾಣದ ಭದ್ರತಾ ಪತ್ರ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲವಲ್ಲ. ಸಿಆರ್2032 ಬ್ಯಾಟರಿ ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಇನ್ನುಳಿದದ್ದು ಬಂದು ಬಂದು ಹೋಗುವ ವೈಫೈ. ಲ್ಯಾಪ್‌ಟಾಪಿನಲ್ಲಿ ಮೊದಲು ವಿದ್ಯುತ್ ಉಳಿತಾಯವನ್ನು ನಿಲ್ಲಿಸಿ ನೋಡಿ. ಉಬುಂಟು, ಮಿಂಟ್‌ಗಳಲ್ಲಿ ನೆಟ್‌ವರ್ಕ್ ಮ್ಯಾನೇಜರಿನ ಕಾನ್ಫಿಗ್ ಫೋಲ್ಡರಿನಲ್ಲಿ ‘ವೈಫೈ.ಪವರ್‌ಸೇವ್’ ಎಂಬ ಸಾಲಿನ 3ನ್ನು 2 ಮಾಡಿದರೆ ಅದು ನಿಲ್ಲುತ್ತದೆ.

ಭಾವನ ಅಂಗಡಿಯಲ್ಲಿ ವೈಫೈ ಬಂದ ಮರುದಿನವೇ ಈ ಕಾಟ ಶುರುವಾಯಿತು. ಚಿಕ್ಕ ಪುಟ ತೆರೆಯುತ್ತಿತ್ತು, ದೊಡ್ಡ ಪಿಡಿಎಫ್ ಅಪ್‌ಲೋಡ್ ಮಾಡುವಾಗ ಕಡಿಯುತ್ತಿತ್ತು. ‘ಐಡಬ್ಲ್ಯೂ ಡೆವ್’ ಕೊಟ್ಟು ಕಾರ್ಡಿನ ಹೆಸರು ತಿಳಿದುಕೊಂಡೆ. ಡಾಂಗಲ್ಲುಗಳದ್ದು ಹೆಚ್ಚಾಗಿ ‘ಡಬ್ಲ್ಯೂಎಲ್‌ಎಕ್ಸ್’ನಿಂದ ಶುರುವಾಗುವ ಉದ್ದನೆಯ ಹೆಸರು. ಆ ಹೆಸರಿನ ಮುಂದೆ ‘ಲಿಂಕ್’ ಸೇರಿಸಿ ಕೇಳಿದಾಗ ಸಿಗ್ನಲ್ -79 ಡಿಬಿಎಂ ಎಂದಿತ್ತು. ಈ ಅಂಕಿ ಸೊನ್ನೆಯ ಕಡೆಗೆ ಹತ್ತು ಹೆಜ್ಜೆ ಬಂದರೆ ಸಿಗ್ನಲ್ ಹತ್ತು ಪಟ್ಟು ಬಲವಾಯಿತು ಎಂದರ್ಥ. -50ರ ಆಸುಪಾಸು ತುಂಬ ಚೆನ್ನ, -70ರವರೆಗೆ ಕೆಲಸ ಸಾಗುತ್ತದೆ, -80ರ ಹತ್ತಿರ ತಿಣುಕಾಟ. ರೂಟರ್ ಇದ್ದದ್ದು ಹತ್ತೇ ಅಡಿ ದೂರದಲ್ಲಿ. ಡಾಂಗಲ್ ಮಾತ್ರ ಡಬ್ಬಿಯ ಹಿಂಬದಿಯಲ್ಲಿ, ಮೇಜಿನ ಕೆಳಗೆ, ಕಬ್ಬಿಣದ ಬೀರುವಿಗೆ ಆತುಕೊಂಡು, ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನಲ್ಲಿತ್ತು, ಪಕ್ಕದ ಪೋರ್ಟಿನಲ್ಲಿ ಬ್ಯಾಕಪ್ ಹಾರ್ಡ್‌ಡಿಸ್ಕ್. ಯುಎಸ್‌ಬಿ 3 ಸಾಧನಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತವೆ, ಇಂಟೆಲ್ 2012ರಲ್ಲೇ ಅಳೆದು ತೋರಿಸಿದ ಸಂಗತಿ ಇದು.

ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು, ಡಾಂಗಲ್ಲನ್ನು ಮುಂದಿನ ಕಪ್ಪು ಪೋರ್ಟಿನಿಂದ ಮೇಜಿನ ಮೇಲಕ್ಕೆ ಎಳೆದು, ಟೇಪ್ ಹಾಕಿ ಗೋಡೆಗೆ ಅಂಟಿಸಿದೆ. ಅದೇ ಕಮಾಂಡ್ ಮತ್ತೆ ಕೊಟ್ಟೆ: -58. ಅರ್ಧಕ್ಕೇ ನಿಂತಿದ್ದ ಪಿಡಿಎಫ್‌ಗಳನ್ನು ಭಾವ ಒಂದೊಂದಾಗಿ ಕಳಿಸತೊಡಗಿದರು.